ಕೊಲೆಗಾರನಿಗೆ ಹಾರ್ದಿಕ ಶುಭಾಶಯಗಳು

ಹಾಲಿನ ಪ್ಯಾಕೆಟ್ ಹಿಡಿದು ಸಂಜಯನಗರದ ಸರ್ಕಲ್ ದಾಟುತ್ತಿದ್ದ ನಾಸಿರ್ ಸುಮ್ಮನೆ ತಲೆಯೆತ್ತಿದ. ಪ್ಯಾಕೆಟ್ ಕೈಜಾರಿ ರಸ್ತೆಗೆ ಬಿತ್ತು.

ಎದುರಿಗೆ ಹತ್ತಡಿ ಎತ್ತರದ ಫ್ಲೆಕ್ಸ್. ಅದರಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡ ಗಿರಿ ಕೈಮುಗಿದು ನಿಂತಿದ್ದ. ಕೆಳಗೆ ಕೆಂಪಕ್ಷರ: 'ಇಂದು ಸಂಜೆ ಸಂಘದ ಹಾಲ್‌ನಲ್ಲಿ ನಡೆಯುವ ಪತ್ತೇದಾರಿ ಸಂಗೀತ ನಾಟಕದಲ್ಲಿ ಅತ್ತೆಯ ಕೊಲೆಗಾರನಾಗಿ ಮಿಂಚಲಿರುವ ನಮ್ಮ ಹೆಮ್ಮೆಯ ಗಿರಿಗೆ ಹಾರ್ದಿಕ ಶುಭಾಶಯಗಳು. ಕೋರುವವರು: ದೊಡ್ಡಪ್ಪ ಚಿಕ್ಕಹನುಮಯ್ಯ ಮತ್ತು ಅಭಿಮಾನಿ ಬಳಗ, ರಾಜಾನುಕುಂಟೆ.'

ಕೊಲೆಗಾರ ಯಾರೆಂಬುದು ಕೊನೆಯ ಹಾಡಿನವರೆಗೆ ಮೂವರಿಗೆ ಮಾತ್ರ ಗೊತ್ತಿರಬೇಕಿತ್ತು: ನಾಸಿರ್, ಗಿರಿ, ಮಂಜುಶ್ರೀ. ಇಡೀ ತಂಡವೇ ಅಷ್ಟು. ಏಳು ಪಾತ್ರ, ಒಂಬತ್ತು ಹಾಡು, ಮೂರು ಜನ. ಹನ್ನೊಂದು ವರ್ಷದಿಂದ ಮಿಕ್ಸಿ ರಿಪೇರಿಯ ನಡುವೆ ನಾಟಕ ಬರೆಯುತ್ತಿದ್ದ ನಾಸಿರ್‌ಗೆ ಇವತ್ತು ಕಡೆಯ ಅವಕಾಶ. ಫಾರಂ ತುಂಬಿ ಕಳಿಸಿದ್ದ ನಾಟಕೋತ್ಸವದ ಆಯ್ಕೆ ಸಮಿತಿಯಿಂದ ಮೇಡಂ ಒಬ್ಬರು ನೋಡಲು ಬರುವವರಿದ್ದರು. ಒಪ್ಪಿದರೆ ನಿಜವಾದ ರಂಗಮಂದಿರ, ನಿಜವಾದ ಪರದೆ. ಒಪ್ಪದಿದ್ದರೆ ಇನ್ನು ಮಿಕ್ಸಿ ಮಾತ್ರ ಎಂದು ಹೆಂಡತಿ ಅಸ್ಮಾಳಿಗೆ ಮಾತು ಕೊಟ್ಟಿದ್ದ.

ಫೋನಿನಲ್ಲಿ ಗಿರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. "ಏನ್ ಪಾತ್ರನಪ್ಪಾ ಅಂತ ದೊಡ್ಡಪ್ಪ ಕೇಳಿದ್ರು ಗುರು, ಸುಳ್ಳು ಹೇಳಕ್ಕಾಗತ್ತಾ? ಎಷ್ಟು ಖುಷಿಪಟ್ರು ಗೊತ್ತಾ? ನಮ್ಮ ವಂಶದಲ್ಲಿ ಇದುವರೆಗೂ ಯಾರೂ ಕೊಲೆಗಾರ ಆಗಿಲ್ಲ."

ಅಂಗಡಿ ತೆರೆಯುವಷ್ಟರಲ್ಲಿ ಊರಿಗೇ ಸುದ್ದಿ ಗೊತ್ತಾಗಿತ್ತು. ಟೀ ಅಂಗಡಿಯವನು ಕೇಳಿದ, ಆಟೋದವನು ಕೇಳಿದ. ಮಿಕ್ಸಿ ಜಾರ್ ತಂದ ರತ್ನಕ್ಕ ಸ್ಟೂಲಿನ ಮೇಲೆ ಕೂತೇಬಿಟ್ಟರು. "ಗಿರಿ ನೋಡಿದ್ರೆ ಹಂಗೆ ಕಾಣಲ್ಲ ಕಣಪ್ಪ. ಅತ್ತೇನ ಯಾಕೆ ಕೊಂದ? ಸೈಟಿನ ವಿಷ್ಯಾನಾ?"

ಸೈಟಿನ ವಿಷಯವೇ ಆಗಿತ್ತು. ನಾಸಿರ್ ಜಾರಿನೊಳಗೆ ಮುಖ ಹುದುಗಿಸಿಕೊಂಡ. ಬ್ಲೇಡು ತಿರುಗಿದ್ದರೂ ಅವನಿಗೆ ಚಿಂತೆಯಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಿರ್ಧಾರವಾಯಿತು: ಕೊಲೆಗಾರನನ್ನೇ ಬದಲಾಯಿಸುವುದು. ಸೊಸೆಯ ಪಾತ್ರದ ಮಂಜುಶ್ರೀಯನ್ನು ಕೇಳಿದ. ಅವಳ ನಿಜವಾದ ಅತ್ತೆ ಕೃಷ್ಣಮ್ಮ ಮೊದಲ ಸಾಲಿನಲ್ಲಿ ಕೂರುವವರಿದ್ದರು. "ಸರ್, ಇಲ್ಲಿ ಅತ್ತೇನ ಸಾಯಿಸಿ ಮನೆಗೆ ಹೋಗಿ ಯಾರ ಜೊತೆ ಊಟಕ್ಕೆ ಕೂರ್ಲಿ?" ಎಂದಳು. ನಾಸಿರ್ ಅವಳ ಹೆಸರು ಹೊಡೆದುಹಾಕಿದ.

ಉಳಿದವನು ತಾನೊಬ್ಬನೇ. ನಾಟಕದಲ್ಲಿ ಸಾಯುವ ಅತ್ತೆಯೂ ಅವನೇ, ತನಿಖೆಗೆ ಬರುವ ಇನ್ಸ್‌ಪೆಕ್ಟರೂ ಅವನೇ. ಇನ್ಸ್‌ಪೆಕ್ಟರೇ ಕೊಂದ ಎಂದು ಬರೆದ. ಕಾರಣ: ಮುದುಕಿ ಅವನ ಗೇಟಿನ ಮುಂದೆ ಕಾರು ನಿಲ್ಲಿಸುತ್ತಿದ್ದಳು. ಬೆಂಗಳೂರಿನಲ್ಲಿ ಈ ಕಾರಣವನ್ನು ಯಾರೂ ಅನುಮಾನಿಸಲಾರರು.

ಸಂಜೆ ರಾಜಾನುಕುಂಟೆಯಿಂದ ಎರಡು ವ್ಯಾನ್ ತುಂಬ ಜನ ಬಂದಿಳಿದರು. ಸಮಿತಿಯ ಮೇಡಂ ಪಕ್ಕದಲ್ಲೇ ಚಿಕ್ಕಹನುಮಯ್ಯ ಪಂಚೆ ಸರಿಮಾಡಿಕೊಂಡು ಕೂತರು. ಸೀರೆಯುಟ್ಟ ನಾಸಿರ್ ಹಾಡುತ್ತಾ ವಿಷದ ಕಾಫಿ ಕುಡಿದು ಸತ್ತುಬಿದ್ದ. ಡಾಕ್ಟರಾಗಿ ಗಿರಿ ಬಂದದ್ದೇ ತಡ, ನೆಂಟರು ಸಾಲಾಗಿ ವೇದಿಕೆ ಹತ್ತಿ ಅವನಿಗೆ ಗುಲಾಬಿ ಹಾರ ಹಾಕಿದರು. ಫೋಟೋ ತೆಗೆಯಲು ಅಡ್ಡ ಬರುತ್ತಿದೆಯೆಂದು ಇಬ್ಬರು ಸೇರಿ ಹೆಣವನ್ನು ಪಕ್ಕಕ್ಕೆ ಸರಿಸಿದರು. ಗಿರಿ ಹಾರದಲ್ಲೇ ಹೆಣದ ನಾಡಿ ಹಿಡಿದ. "ಹಾರ ತೆಗಿಯೋ" ಎಂದು ಹೆಣ ಬೇಡಿಕೊಂಡಿತು. "ಬೇಜಾರು ಮಾಡ್ಕೋತಾರೆ ಮಗಾ" ಎಂದು ಡಾಕ್ಟರು ಪಿಸುಗುಟ್ಟಿದ. ಮೇಡಂ ಏನೋ ಬರೆದುಕೊಂಡರು.

ಕೊನೆಯ ಹಾಡು ಬಂತು. ಮೊಬೈಲಿನ ಟ್ರ್ಯಾಕ್ ಗಿರಿಯ ಶ್ರುತಿಗೆ ಹೊಂದಿಸಿದ್ದು. ಇನ್ಸ್‌ಪೆಕ್ಟರ್ ನಾಸಿರ್ ಬೆಲ್ಟು ಕಿತ್ತ ಗ್ರೈಂಡರಿನಂಥ ದನಿಯಲ್ಲಿ, ಕೊಂದವನು ನಾನೇ ಎಂದು ಹಾಡಿದ.

ಚಿಕ್ಕಹನುಮಯ್ಯ ಎದ್ದು ನಿಧಾನವಾಗಿ ವೇದಿಕೆ ಹತ್ತಿದರು.

"ಅದೆಂಗ್ರೀ? ನಮ್ ಉಡುಗ ಮಾಡಿರೋ ಕೊಲೆನ ನೀವು ನಿಮ್ಮೆಸ್ರಿಗೆ ಖಾತೆ ಮಾಡುಸ್ಕಂಡ್ರೆ ಎಂಗಾಯ್ತದೆ? ಎರಡು ವ್ಯಾನ್ ಜನ ಬಂದವ್ರೆ."

ಹಿಂದಿನ ಸಾಲಿನವರು, ಇನ್ಸ್‌ಪೆಕ್ಟರ್ ಲಂಚ ತಿಂದು ಕೇಸು ಮುಚ್ಚುತ್ತಿದ್ದಾನೆ ಎಂದರು. ದೊಡ್ಡಪ್ಪನ ಕಣ್ಣಲ್ಲಿ ನೀರು ಕಂಡ ಗಿರಿ ತಡೆಯಲಾರದೆ ಮುಂದೆ ಬಂದು, ತಾನು ಮೂರು ತಿಂಗಳು ಅಭ್ಯಾಸ ಮಾಡಿದ್ದ ತಪ್ಪೊಪ್ಪಿಗೆಯ ಹಾಡನ್ನು ಶುರುಮಾಡಿಯೇಬಿಟ್ಟ. ಒಂದೇ ಟ್ರ್ಯಾಕಿಗೆ ಇಬ್ಬರು ಕೊಲೆಗಾರರು ಪೈಪೋಟಿಯಲ್ಲಿ ಹಾಡಿದರು. ಪರದೆ ಎಳೆಯಬೇಕಿದ್ದ ಮಂಜುಶ್ರೀ ಮುಖ ಮುಚ್ಚಿಕೊಂಡು ನಿಂತಿದ್ದಳು.

ನಾಟಕ ಮುಗಿದಾಗ ನಾಸಿರ್ ನೀರಿನ ಕ್ಯಾನುಗಳ ಹಿಂದೆ ಕುಸಿದು ಕೂತ. ಅಲ್ಲಿಗೇ ಮೇಡಂ ಬಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆಚ್ಚು ಭಯ ತಂದಿತು. ಸರ್ಕಲ್ಲಿನಲ್ಲಿ ಗುಟ್ಟು ಬಯಲಾಗಿಬಿಟ್ಟಿತ್ತು, ಅದಕ್ಕೇ ಹೀಗೆ ಮಾಡಬೇಕಾಯಿತು ಎಂದು ಅವನು ತೊದಲಿದ.

"ನಾಸಿರ್ ಅವರೇ, ಫಾರಂ ಜೊತೆ ನೀವೇ ಕಳಿಸಿದ ಸ್ಕ್ರಿಪ್ಟ್ ಓದಿದಾಗ್ಲೇ ನಾಟಕ ಆಯ್ಕೆ ಆಗಿತ್ತು. ಕೊಲೆಗಾರ ಯಾರು ಅಂತ ನಂಗೆ ಎರಡು ತಿಂಗಳಿಂದ ಗೊತ್ತು. ಬರೆದಿದ್ದನ್ನೇ ಆಡ್ತೀರಾ ಅಂತ ನೋಡಿ ಸಹಿ ಹಾಕೋಕೆ ಬಂದಿದ್ದೆ, ಅಷ್ಟೆ. ಕಥೆ ಬದಲಾದ್ರೆ ಆಯ್ಕೆ ರದ್ದು. ಫಾರಂ ಹಿಂದುಗಡೆ ಬರೆದಿದೆಯಲ್ಲ, ಓದ್ಲಿಲ್ವಾ?"

ಅವರು ಪೆನ್ನಿನ ಕ್ಯಾಪು ಮುಚ್ಚಿಕೊಂಡು ಹೊರಟುಹೋದರು. ಕಳಿಸಿದ ಸ್ಕ್ರಿಪ್ಟನ್ನು ಯಾರಾದರೂ ಓದಿಯಾರೆಂದು ಎಣಿಸಿರದ ನಾಸಿರ್ ಇನ್ಸ್‌ಪೆಕ್ಟರ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ಬಾಗಿಲ ಬಳಿ ಎಲ್ಲ ಕೇಳಿಸಿಕೊಂಡಿದ್ದ ಚಿಕ್ಕಹನುಮಯ್ಯ ಬಂದು ಅವನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು.

"ನಾನು ಆಗ್ಲೇ ಏಳ್ಲಿಲ್ವಾ ಸಾಬ್ರೇ? ಕೊಂದಿದ್ದು ನಮ್ ಗಿರೀನೇ."