ಬೆನ್ನಿಗೊಂದು ಕರೆಂಟಿನ ಪೆಟ್ಟಿಗೆ

ಸೊಂಟಕ್ಕೆ ಕರೆಂಟಿನ ಪೆಟ್ಟಿಗೆ ಕಟ್ಟಿಕೊಂಡು ತಿರುಗುವವನಿಗೆ ವಾರಕ್ಕೊಂದು ಫಜೀತಿ ಗ್ಯಾರಂಟಿ. ಎಂಬತ್ತರ ದಶಕದ ಮಾತು. ನಾನು ಹರಿಹರದ ಒಂದು ಕಾರ್ಖಾನೆಯಲ್ಲಿ ಗುಮಾಸ್ತ. ಮನೆ ದಾವಣಗೆರೆಯ ವಿನೋಬನಗರ. ಬೆನ್ನಿಗೆ ಎರಡು ಆಪರೇಷನ್ ಆದರೂ ನೋವು ಹೋಗಿರಲಿಲ್ಲ. ಒಂದೂವರೆ ವರ್ಷ ಕೂತು ಉಂಡವನಲ್ಲ. ಪಂಚೆ ಉಡಿಸುವುದಕ್ಕೂ ಹೆಂಡತಿಯೇ ಬರಬೇಕಿತ್ತು. ಕೊನೆಗೆ ಬೆಂಗಳೂರಿನ ಡಾಕ್ಟರೊಬ್ಬರು ಬೆನ್ನುಹುರಿಯ ಪಕ್ಕ ತಂತಿ ಇಟ್ಟು, ಹೊರಗೆ ಕಟ್ಟಿಕೊಳ್ಳಲು ಬ್ಯಾಟರಿ ಪೆಟ್ಟಿಗೆ ಕೊಟ್ಟರು. ಹಚ್ಚಿದರೆ ಬೆನ್ನೊಳಗೆ ಜುಮುಜುಮು, ನೋವು ಅರ್ಧಕ್ಕರ್ಧ ಮಾಯ. ಮತ್ತೆ ಕೆಲಸಕ್ಕೆ ಹೊರಟೆ.

ಸ್ಕೋರು

ಕ್ರಿಕೆಟ್ ಮ್ಯಾಚಿದ್ದ ಒಂದು ದಿನ ಬಸ್ಸಿನಲ್ಲಿ ಪಕ್ಕದ ಸೀಟಿನವರು ನನ್ನ ಅಂಗಿಯೊಳಗೆ ಹೋದ ವೈರನ್ನೇ ನೋಡುತ್ತಿದ್ದರು.

"ಸ್ಕೋರ್ ಎಷ್ಟಾಗೈತ್ರಿ?"

"ರೇಡಿಯೊ ಅಲ್ರಿ ಇದು. ಸೊಂಟನೋವು."

ಬಸ್ಸಿನ ಗದ್ದಲದಲ್ಲಿ ಅವರಿಗೆ ಕೊನೆಯ ಮಾತಷ್ಟೇ ಕೇಳಿಸಿತು. ಹಿಂದಕ್ಕೆ ತಿರುಗಿ, "ನಮ್ಮ ಓಪನರ್‌ಗೆ ಸೊಂಟನೋವಂತ್ರಪ್ಪೋ, ಆಟ ಬಿಟ್ಟು ಹೋದ್ನಂತೆ!" ಎಂದು ಸಾರಿದರು. ಬಸ್ಸು ಹರಿಹರ ಮುಟ್ಟುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಭಾರತ ಸೋತೇ ಹೋಗಿತ್ತು.

ಹಾಡು

ಪೆಟ್ಟಿಗೆಗೆ ಒಂದು ಕೆಟ್ಟ ಗುಣವಿತ್ತು. ಹಿಂದಕ್ಕೆ ಒರಗಿದರೆ ಜುಮುಜುಮು ಒಮ್ಮೆಲೇ ಜೋರಾಗಿ, ಚೇಳು ಕುಟುಕಿದಂತಾಗುತ್ತಿತ್ತು. ಒಂದು ದಿನ ಮೀಟಿಂಗಿನಲ್ಲಿ ಮ್ಯಾನೇಜರು, "ಭಾನುವಾರ ಕೊಂಡಜ್ಜಿ ಕೆರೆಗೆ ಪಿಕ್ನಿಕ್. ಹಾಡು ಯಾರು ಹೇಳ್ತೀರಿ?" ಎಂದರು. ಎಲ್ಲರೂ ನೆಲ ನೋಡಿದರು. ನಾನು ನಿಶ್ಚಿಂತೆಯಿಂದ ಕುರ್ಚಿಗೆ ಒರಗಿದೆ. ಮರುಕ್ಷಣ "ಹೋ!" ಎಂದು ಎದ್ದು ನಿಂತಿದ್ದೆ.

"ಶಭಾಷ್! ಏನ್ ಉತ್ಸಾಹ ನೋಡ್ರಿ ಇವ್ರದು!"

"ಸರ್, ಅದು ಕರೆಂಟು..."

"ಕರೆಂಟ್ ಯಾಕ ಬೇಕ್ರಿ? ಮೈಕ್ ಇಲ್ದೇನೇ ಹಾಡ್ರಿ."

ಕೆರೆ ದಂಡೆಯ ಮೇಲೆ ನಿಂತು ಹಾಡಿದೆ. ಅವತ್ತು ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ನೋವಾಯಿತು.

ತಪಾಸಣೆ

ಆರು ತಿಂಗಳಾದ ಮೇಲೆ ಗಂಡ ಹೆಂಡತಿ ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ನೋವು ಎಷ್ಟು ಎಂದಷ್ಟೇ ಕೇಳಿ ಬಿಡುವವರಲ್ಲ ಅವರು.

"ಈಗ ಏನೇನು ಮಾಡ್ತೀರಿ ಹೇಳಿ."

"ಕೂತು ಉಣ್ತೀನ್ರಿ. ನಿದ್ದಿ ಬರ್ತೈತೆ. ಮಾರ್ಕೆಟ್ಟಿಗೆ ನಡ್ಕೊಂಡೇ ಹೋಗ್ತೀನಿ." ಒಂದೊಂದಕ್ಕೂ ಬೆರಳು ಮಡಿಸಿ ಹಿಗ್ಗಿನಿಂದ ಹೇಳಿದೆ.

ಡಾಕ್ಟರಿಗೂ ಖುಷಿಯಾಯಿತು. ಪೆಟ್ಟಿಗೆಯ ಗುಂಡಿ ಮುಟ್ಟಿ, "ಇನ್ನೊಂದು ಚೂರು ಜಾಸ್ತಿ ಮಾಡಿದರೆ ಇನ್ನೂ ಆರಾಮಾಗಿ ಓಡಾಡ್ತಾರೆ. ನೀವೇನಂತೀರಮ್ಮ?" ಎಂದು ನನ್ನ ಹೆಂಡತಿಯನ್ನು ಕೇಳಿದರು.

ಅವಳು ಸೆರಗು ಸರಿಮಾಡಿಕೊಂಡು ಹೇಳಿದಳು: "ಮೊದ್ಲು ಮಲಗಿದಲ್ಲಿಂದ್ಲೇ ಸಾರಿಗೆ ಉಪ್ಪು ಕಮ್ಮಿ ಅಂತಿದ್ರು. ಈಗ ಒಲಿ ಮುಂದೆ ಬಂದು ನಿಂತು ಹೇಳ್ತಾರೆ. ಜಾಸ್ತಿ ಬ್ಯಾಡ್ರಿ ಡಾಕ್ಟ್ರೇ. ನಡುಮನೆ ತನಕ ಬರೋವಷ್ಟು ಇಡ್ರಿ, ಸಾಕು."