ಎಂಟನೇ ಸೈಜಿನ ಕೇಕು

ಬೆಳಗಿನ ಚಹಾದ ಜೊತೆ ಅತ್ತೆ ಕಚ್ಚಿದ ಬಿಸ್ಕತ್ತು ಬಿಸ್ಕತ್ತಾಗಿರಲಿಲ್ಲ. ಅವತ್ತಿನ ರಾದ್ಧಾಂತವೆಲ್ಲ ಶುರುವಾದದ್ದು ಅಲ್ಲಿಂದ.

"ಕಟಕ್" ಎಂದು ಸದ್ದಾಯಿತು. ಬಿಸ್ಕತ್ತಿಗೆ ಏನೂ ಆಗಲಿಲ್ಲ. ಅತ್ತೆಯ ಕಟ್ಟಿಸಿದ ಹಲ್ಲಿನ ಸೆಟ್ಟು ಎರಡು ಹೋಳಾಗಿ ಚಹಾದ ಲೋಟಕ್ಕೆ ಬಿತ್ತು. ಗೋಡೆಗೆ ಮೆತ್ತುವ ಪುಟ್ಟಿಯನ್ನು ಬಾಟಲಿ ಮುಚ್ಚಳದಲ್ಲಿ ಅಚ್ಚೊತ್ತಿ, ಕಡ್ಡಿಯಿಂದ ತೂತು ಚುಚ್ಚಿ, ಡಿಕಾಕ್ಷನ್ ಬಳಿದು ಬಿಸಿಲಲ್ಲಿ ಒಣಗಿಸಿದ ಬಿಸ್ಕತ್ತು ಅದು. ಮಾಡಿದವನು ಅಳಿಯ.

ಬೇರೆ ಯಾವ ಅಳಿಯನಾಗಿದ್ದರೂ ಕಾಲಿಗೆ ಬೀಳುತ್ತಿದ್ದ. ಇವನು ಅತ್ತೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತು, ಪರೀಕ್ಷೆ ಬರೆದು ಬಂದ ಹುಡುಗನ ಹಾಗೆ ಕೇಳಿದ:

"ನಿಜ ಹೇಳಿ ಅತ್ತೆ, ಕಚ್ಚೋವರೆಗೂ ಒಂದು ಚೂರೂ ಅನುಮಾನ ಬರ್ಲಿಲ್ಲ ಅಲ್ವಾ?"

ಅತ್ತೆ ಏನೋ ಹೇಳಿದರು. ಹಲ್ಲಿಲ್ಲದ ಬಾಯಿಂದ ಅದು ಬರೀ ಗಾಳಿಯಾಗಿ ಬಂತು. ಆಶೀರ್ವಾದವಂತೂ ಆಗಿರಲಿಲ್ಲ.

ಅವನು ಚಪ್ಪಲಿ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ದಿನವಿಡೀ ಮಂದಿಯ ಪಾದದ ಮುಂದೆ ಮಂಡಿಯೂರಿ ಕೂತವನು ಸಂಜೆ ಮನೆಗೆ ಬರುವಾಗ ಅಂಗಡಿಯವರು ಎಸೆಯುವ ರಟ್ಟಿನ ಡಬ್ಬಿ, ಥರ್ಮಾಕೋಲ್, ಟಿಶ್ಯೂ ಕಾಗದಗಳನ್ನು ಹೊತ್ತು ತರುತ್ತಿದ್ದ. ಅವುಗಳಿಂದ ಬ್ರೆಡ್ಡು, ಹಣ್ಣು, ಪೇಸ್ಟ್ರಿ ಮಾಡುತ್ತಿದ್ದ. ಬೇಸಿಗೆ ಬಂದರೆ ಕಿಟಕಿಯಲ್ಲಿ ಮೇಣದ ಐಸ್‌ಕ್ರೀಮು, ಮಳೆಗಾಲಕ್ಕೆ ಅಂಟಿನ ಹನಿ ಜಾರುವ ಗಾಜಿನ ಬಟ್ಟಲು, ಚಳಿಗಾಲಕ್ಕೆ ಅರಳೆಯ ಮಂಜು, ಸುಣ್ಣ ಬಳಿದ ಒಣಕೊಂಬೆ. "ನಮ್ಮನೆ ಕಲಾವಿದರು" ಎಂದು ಹೆಂಡತಿ ಒಮ್ಮೆ ಕುಟುಕಿದ್ದು ಇಡೀ ಕಟ್ಟಡಕ್ಕೆ ಹಬ್ಬಿ ಅದೇ ಹೆಸರಾಗಿ ನಿಂತಿತ್ತು. ಅದು ಕುಟುಕು ಎಂಬುದು ಗೊತ್ತಾಗದೆ ಉಳಿದದ್ದು ಅವನೊಬ್ಬನಿಗೇ.

ಅವತ್ತು ಕಟ್ಟಡದ ನಿವಾಸಿಗಳ ಸಂಘದ ಚಳಿಗಾಲದ ಕಿಟಕಿ ಸಿಂಗಾರದ ಸ್ಪರ್ಧೆ. ಹೆಸರು ಕೊಡಬೇಕಿರಲಿಲ್ಲ, ಏನಾದರೂ ಇಟ್ಟ ಕಿಟಕಿಗಳೆಲ್ಲ ಲೆಕ್ಕಕ್ಕೆ. ಹೆಂಡತಿ ಮೊದಲೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಮಂಚದ ಕೆಳಗೆ ಡಬ್ಬಿ, ಬೀರು ಮೇಲೆ ಡಬ್ಬಿ. ಮನೇಲಿ ಕಾಲಿಡೋಕೆ ಜಾಗ ಇಲ್ಲ. ಈ ಸಲ ಮೊದಲ ಬಹುಮಾನದ ಕಪ್ಪು ಬಂದ್ರೆ ಸರಿ. ಬರ್ಲಿಲ್ಲ ಅಂದ್ರೆ ಇವತ್ತೇ ಸಂಜೆ ಎಲ್ಲಾ ಗುಜರಿಗೆ."

"ಬರುತ್ತೆ ಕಣೇ. ಹೋಗಿ ಕಪ್ಪಿಡೋಕೆ ಜಾಗ ನೋಡು" ಎಂದಿದ್ದ ಕಲಾವಿದ.

ಅವನ ಜಂಬಕ್ಕೆ ಕಾರಣವಿತ್ತು. ಕಿಟಕಿಯ ನಟ್ಟನಡುವೆ, ಅರಳೆಯ ಮಂಜಿನ ಮೇಲೆ ಮೂರಂತಸ್ತಿನ ಕೇಕೊಂದು ಮದುವಣಗಿತ್ತಿಯ ಹಾಗೆ ಕೂತಿತ್ತು. ಒಳಗೆ ಬೂಟಿನ ಡಬ್ಬಿಗಳು, ಮೇಲೆ ಹಳೆ ಹಾಸಿಗೆಯ ಸ್ಪಂಜು, ಅದರ ಮೇಲೆ ಕರಣೆಯಿಂದ ಸವರಿದ ಪುಟ್ಟಿಯ ಕ್ರೀಮು. ಅಂಚಿನಿಂದ ಇಳಿಯುತ್ತಿದ್ದ ಚಾಕೊಲೇಟು ಅಂಟಿಗೆ ಕಂದು ಬೂಟ್ ಪಾಲಿಶ್ ಬೆರೆಸಿದ್ದು. ಪಾಲಿಶಿನ ವಾಸನೆ ಮುಚ್ಚಲು ಅಡುಗೆಮನೆಯ ವೆನಿಲ್ಲಾ ಎಸೆನ್ಸ್ ಚಿಮುಕಿಸಿದ್ದ. ಟಿಶ್ಯೂ ಕಾಗದವನ್ನು ಮೇಣದಲ್ಲಿ ಅದ್ದಿ ಮಾಡಿದ ಗುಲಾಬಿಗಳನ್ನು ನೋಡಿದರೆ ಅವನಿಗೇ ಬಾಯಲ್ಲಿ ನೀರೂರುತ್ತಿತ್ತು.

ಅತ್ತೆಯ ಹಲ್ಲಿನ ಹೋಳುಗಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಅವನು ಕೆಳಮನೆಗೆ ಇಳಿದ. ಅಲ್ಲಿ ಹಲ್ಲಿನ ಡಾಕ್ಟರು ಹೆಂಡತಿಯೊಂದಿಗೆ ಕ್ಲಿನಿಕ್ಕಿಗೆ ಹೊರಟು ನಿಂತಿದ್ದರು.

"ಸಂಜೆ ಬರ್ತಾ ನಾನೇ ತಂದುಕೊಡ್ತೀನಿ. ಅಲ್ಲ, ಏನು ಕಚ್ಚಿದ್ರು ಅಮ್ಮಾವ್ರು?"

"ನನ್ನ ಬಿಸ್ಕತ್ತು" ಎಂದ ಕಲಾವಿದ, ಎದೆಯುಬ್ಬಿಸಿ.

ವಾಪಸ್ ಬರುವಷ್ಟರಲ್ಲಿ ಪಕ್ಕದ ಮನೆಯ ಟೈಲರಮ್ಮ ಅವನ ಹಾಲಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಕತ್ತಿನಲ್ಲಿ ಅಳತೆ ಟೇಪು ಹೂಮಾಲೆಯಂತೆ ತೂಗುತ್ತಿತ್ತು.

"ಬೆಳಿಗ್ಗೆಯಿಂದ ವೆನಿಲ್ಲಾ ಘಮಘಮ ಅಂತಿದೆ. ಇಷ್ಟು ದೊಡ್ಡ ಕೇಕು ಮಾಡಿಟ್ಕೊಂಡು ಪಕ್ಕದ ಮನೆಗೆ ಒಂದು ಚೂರು ಕೊಡೋ ಮನಸ್ಸಿಲ್ವಲ್ಲ ನಿಮಗೆ?"

"ಅಯ್ಯೋ, ಅದು ತಿನ್ನೋದಲ್ಲ ಅಕ್ಕಾ" ಎಂದಳು ಹೆಂಡತಿ. "ಪುಟ್ಟಿ."

"ಪುಟ್ಟಿನೋ ಬುಟ್ಟಿನೋ. ಕೊಡೋಕೆ ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳು ತಾಯಿ. ನನ್ನ ಮೂಗು ಸುಳ್ಳು ಹೇಳಲ್ಲ."

ಇಲ್ಲಿ ಕಲಾವಿದ ಒಂದು ಮಾತು ಬಿಡಿಸಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ತನ್ನ ಕೇಕನ್ನು ನಿಜವೆಂದು ನಂಬಿ ಒಬ್ಬರು ಮುನಿಸಿಕೊಂಡು ನಿಂತಿರುವ ದೃಶ್ಯ ಅವನಿಗೆ ಎಷ್ಟು ಹಿತವಾಯಿತೆಂದರೆ, ಸುಮ್ಮನೆ ಮುಗುಳ್ನಕ್ಕ. ಆ ನಗು ಟೈಲರಮ್ಮನಿಗೆ ಸೂಜಿಯಂತೆ ಚುಚ್ಚಿತು. ಅವರು ಸರಸರನೆ ಮೆಟ್ಟಿಲಿಳಿದು ಸಂಘದ ಕಾರ್ಯದರ್ಶಿಯ ಮನೆಯ ಬೆಲ್ ಒತ್ತಿದರು.

ಕಾರ್ಯದರ್ಶಿ ರೈಲಿನಲ್ಲಿ ಗಾರ್ಡಾಗಿ ನಿವೃತ್ತರಾದವರು. ಸೀಟಿಯನ್ನು ಮಾತ್ರ ನಿವೃತ್ತಿಗೊಳಿಸಿರಲಿಲ್ಲ. ಸ್ಪರ್ಧೆಗೆ ಅವರು ಮಾಡಿದ್ದ ನಿಯಮ ಒಂದೇ: ಕಿಟಕಿಯಲ್ಲಿ ತಿನ್ನುವ ಪದಾರ್ಥ ಇಡಕೂಡದು. ಹಿಂದಿನ ಸಲ ಯಾರೋ ಇಟ್ಟ ಹಣ್ಣು ಕೊಳೆತು ಇಡೀ ಕಟ್ಟಡ ಮೂಗು ಮುಚ್ಚಿಕೊಂಡು ಓಡಾಡಿತ್ತು. ಟೈಲರಮ್ಮನ ದೂರು ಕೇಳಿ ಗಾರ್ಡ್ ಸಾಹೇಬರು ತೀರ್ಪುಗಾರರನ್ನು ಕರೆದುಕೊಂಡು ನೇರವಾಗಿ ಕಲಾವಿದನ ಮನೆಗೇ ಬಂದರು. ಹಿಂದೆ ಟೈಲರಮ್ಮ. ಅವರ ಹಿಂದೆ ಕೆಲಸವಿಲ್ಲದ ನೆರೆಹೊರೆಯೆಲ್ಲ.

ತೀರ್ಪುಗಾರರು ಬೀದಿ ತಿರುವಿನ ಬೇಕರಿಯ ಯಜಮಾನರು. ಉಬ್ಬಿದ ಬನ್ನಿನಂಥ ಮೈ, ಅದರ ಮೇಲೆ ಚೆರ್ರಿಯಂಥ ಮೂಗು. ಅವರು ಕೇಕಿನ ಸುತ್ತ ಎರಡು ಸುತ್ತು ಬಂದು, ಕನ್ನಡಕ ಏರಿಸಿ ಇಳಿಸಿ, ಕೊನೆಗೆ ಗಂಭೀರವಾಗಿ ಹೇಳಿದರು:

"ಇದು ನಮ್ಮ ಬೇಕರಿ ಕೇಕು."

ಕಲಾವಿದನಿಗೆ ಮೈ ಜುಮ್ಮೆಂದಿತು. ಹುಟ್ಟಿದಾಗಿನಿಂದ ಇಂಥ ಹೊಗಳಿಕೆ ಅವನ ಕಿವಿಗೆ ಬಿದ್ದಿರಲಿಲ್ಲ.

"ಇನ್ನೊಂದ್ಸಲ ಹೇಳಿ ಯಜಮಾನ್ರೇ."

"ಏನು ಇನ್ನೊಂದ್ಸಲ ಹೇಳೋದು? ಈ ಗುಲಾಬಿ ಸುತ್ತೋ ಕೈ ನನ್ನದು. ಈ ಕ್ರೀಮು ನನ್ನದು. ನಲವತ್ತು ವರ್ಷ ಹಿಟ್ಟು ಕಲಸಿದೀನಿ ರೀ, ನನಗೇ ಟೋಪಿ ಹಾಕ್ತೀರಾ?"

"ಹಾಗಾದ್ರೆ ಸ್ಪರ್ಧೆಯಿಂದ ಔಟ್" ಎಂದು ಗಾರ್ಡ್ ಸಾಹೇಬರು ಸೀಟಿಗೆ ಕೈ ಹಾಕಿದರು.

"ಅಯ್ಯೋ ನಿಲ್ಲಿ ಸಾರ್!" ಕಲಾವಿದ ಓಡಿ ಬಂದು ಕೇಕನ್ನು ಬೆರಳಿನಿಂದ ಕುಟ್ಟಿದ. ಟಕ್ ಟಕ್ ಎಂದಿತು. "ಕೇಳಿಸ್ತಾ? ಕಲ್ಲು!"

"ಫ್ರೀಜರಲ್ಲಿಟ್ಟು ಕಲ್ಲು ಮಾಡಿದ್ದಾರೆ" ಎಂದರು ಟೈಲರಮ್ಮ.

ಕಲಾವಿದ ಪಕ್ಕದಲ್ಲಿದ್ದ ಬ್ರೆಡ್ಡನ್ನು ಹಿಂಡಿ ತೋರಿಸಿದ. ಅದು ಸ್ಪಂಜು ಎಂದು ಎಲ್ಲರೂ ಒಪ್ಪಿದರು. ಅತ್ತೆ ತಮ್ಮ ಬೊಚ್ಚು ಬಾಯನ್ನು ಅಗಲಿಸಿ ಬಿಸ್ಕತ್ತಿನ ಪರವಾಗಿ ಸಾಕ್ಷಿ ನುಡಿದರು. ಅದನ್ನೂ ಒಪ್ಪಿದರು. ಬೇಕರಿ ಯಜಮಾನರು ಮಾತ್ರ ಜಗ್ಗಲಿಲ್ಲ. "ಬ್ರೆಡ್ಡು ಸುಳ್ಳಿರಬಹುದು, ಬಿಸ್ಕತ್ತು ಸುಳ್ಳಿರಬಹುದು. ಕೇಕು ನಿಜ. ಸುಳ್ಳಿನ ಮಧ್ಯೆ ನಿಜ ಇಟ್ಟು ಗೆಲ್ಲೋಕೆ ನೋಡ್ತಿದ್ದಾರೆ. ಧೈರ್ಯ ಇದ್ರೆ ಕತ್ತರಿಸಿ ತೋರಿಸ್ಲಿ."

ಇಡೀ ತಿಂಗಳು ಅಂಗಡಿಯಿಂದ ಬಂದು, ಊಟ ತಣ್ಣಗಾದರೂ ಏಳದೆ, ಉಸಿರು ಬಿಗಿಹಿಡಿದು ಮಾಡಿದ ಕೇಕು. ಕಲಾವಿದ ಅದನ್ನೊಮ್ಮೆ ನೋಡಿದ. ಬೆಳಿಗ್ಗೆ ಗುಜರಿ ಎಂದು ಗದರಿದ್ದ ಹೆಂಡತಿಯೇ ಹತ್ತಿರ ಬಂದು ಅವನ ತೋಳು ಹಿಡಿದಳು.

"ಬೇಡ ರೀ. ಹೋಗ್ಲಿ ಬಿಡಿ. ಎಷ್ಟು ಚೆನ್ನಾಗಿದೆ."

ಆದರೆ ಮಾಡಿದವನು ತಾನು ಎಂದು ಹೇಳಿಕೊಳ್ಳಲಾಗದ ಕೇಕು ಇದ್ದರೆಷ್ಟು ಬಿಟ್ಟರೆಷ್ಟು? ಅವನು ಒಳಗೆ ಹೋಗಿ ಗರಗಸ ತಂದ.

ಕರ್ರ್, ಕರ್ರ್ ಎಂದು ಪುಟ್ಟಿಯ ಪುಡಿ ಉದುರಿತು. ಗುಲಾಬಿಗಳು ಉರುಳಿದವು. ಕೇಕು ನಡುವೆ ಬಾಯಿಬಿಟ್ಟಾಗ ಎಲ್ಲರೂ ಬಗ್ಗಿ ನೋಡಿದರು. ಒಳಗಿನ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಹೀಗಿತ್ತು: "ಗಂಡಸರ ಕಪ್ಪು ಬೂಟು, ಎಂಟನೇ ಸೈಜು."

ಮರುಕ್ಷಣ ಬಿದ್ದ ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು. ಟೈಲರಮ್ಮನೂ ತಟ್ಟಿದರು. ಬೇಕರಿ ಯಜಮಾನರು ತಮ್ಮ ಮೂಗಿಗಿಂತ ಕೆಂಪಾಗಿ ಕಲಾವಿದನ ಎರಡೂ ಕೈ ಹಿಡಿದರು. "ತಪ್ಪಾಯ್ತು ಸ್ವಾಮಿ. ನನ್ನ ಕಣ್ಣೇ ಮೋಸಹೋಯ್ತು. ಇನ್ನು ನಿಮ್ಮ ಕೈಯಿಂದ ಬಂದದ್ದು ಏನೇ ಇರಲಿ, ಅದನ್ನ ನಿಜ ಅಂತ ಜನ್ಮದಲ್ಲಿ ನಂಬಲ್ಲ!"

ಕಲಾವಿದ ಮೋಡದ ಮೇಲಿದ್ದ. ಕಪ್ಪು ಎಲ್ಲಿಡುವುದೆಂದು ಗೋಡೆಯ ಕಡೆ ಕಣ್ಣು ಹಾಯಿಸಿದ. ಅಷ್ಟರಲ್ಲಿ ಗಾರ್ಡ್ ಸಾಹೇಬರು ಕೆಮ್ಮಿದರು.

"ಕೆಲಸ ಅದ್ಭುತ. ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮಾರ್ಕು ಕೊಡೋದು ಕಿಟಕಿಗೆ. ನಿಮ್ಮ ಕಿಟಕೀಲಿ ಈಗ ಏನಿದೆ?"

ಎಲ್ಲರೂ ನೋಡಿದರು. ಅರಳೆಯ ಮಂಜಿನ ಮೇಲೆ ಎರಡು ಹೋಳಾದ ಬೂಟಿನ ಡಬ್ಬಿ, ಸ್ಪಂಜಿನ ಚೂರು, ಗರಗಸ.

"ಸಾರ್, ಸ್ವಲ್ಪ ಟೈಮ್ ಕೊಡಿ, ಅಂಟಿಸಿಬಿಡ್ತೀನಿ..."

"ಪುಟ್ಟಿ ಆರೋಕೆ ಎಷ್ಟು ಹೊತ್ತು ಬೇಕು?"

"ನಾಳೆ ಬೆಳಿಗ್ಗೆವರೆಗೆ."

ಗಾರ್ಡ್ ಸಾಹೇಬರು ನೊಂದ ಮುಖದಲ್ಲೇ ಸೀಟಿ ಊದಿದರು. ರೈಲು ಹೊರಟಿತು.

ಕಪ್ಪು ಹಲ್ಲಿನ ಡಾಕ್ಟರ ಕಿಟಕಿಗೆ ಬಂತು. ಮನೆಗೆ ಬೀಗ ಹಾಕಿದ್ದರಿಂದ ಬೇಕರಿ ಯಜಮಾನರು ಹೊರಗಿನಿಂದಲೇ ಗಾಜಿನ ಹಿಂದಿದ್ದ ಬಿಳಿ ಕೇಕನ್ನು ನೋಡಿ ತಲೆಯಾಡಿಸಿದ್ದರು. "ಪ್ಲಾಸ್ಟರ್. ಕ್ರೀಮು ಸೆಟೆದುಕೊಂಡಿದೆ, ಹೂವಿನಲ್ಲಿ ಜೀವ ಇಲ್ಲ. ಮೇಲ್ಮನೆಯವರ ಕಾಲ ಧೂಳಿಗೂ ಸಮ ಇಲ್ಲ. ಆದ್ರೂ ನಕಲಿ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ, ಅದೊಂದು ಪ್ರಾಮಾಣಿಕತೆ ಇದೆ." ಗಾರ್ಡ್ ಸಾಹೇಬರು ಕಪ್ಪನ್ನು ಬಾಗಿಲ ಚಿಲಕಕ್ಕೆ ನೇತುಹಾಕಿ ಹೋದರು.

ಸಂಜೆ ಡಾಕ್ಟರು ರಿಪೇರಿಯಾದ ಹಲ್ಲಿನ ಸೆಟ್ಟಿನ ಜೊತೆಗೆ ಒಂದು ತಟ್ಟೆಯನ್ನೂ ಹಿಡಿದು ಬಂದರು. ಮನೆಯೊಳಗೆ ಹೆಂಡತಿ ಡಬ್ಬಿಗಳನ್ನು ಒಂದೊಂದಾಗಿ ಬಾಗಿಲಿಗೆ ಸಾಗಿಸುತ್ತಿದ್ದಳು. ಸೋಲಿಗಿಂತ, ಬೇಡವೆಂದು ಕೈ ಹಿಡಿದರೂ ಗಂಡ ಗರಗಸ ಎತ್ತಿದ್ದೇ ಅವಳ ಹೊಟ್ಟೆಯುರಿಸಿತ್ತು.

"ನಮ್ಮ ಬಾಗಿಲಿಗೆ ಯಾರೋ ಕಪ್ಪು ಕಟ್ಟಿ ಹೋಗಿದಾರೆ. ಯಾಕೆ ಅಂತ ನಿಮಗೇನಾದ್ರೂ ಗೊತ್ತಾ?" ಎಂದರು ಡಾಕ್ಟರು. "ಇರ್ಲಿ, ಕೇಕು ತಗೊಳ್ಳಿ. ಇವತ್ತು ನಮ್ಮ ಮದುವೆ ದಿನ. ಬೆಳಿಗ್ಗೆನೇ ತಿರುವಿನ ಬೇಕರಿಯಿಂದ ತಂದಿದ್ದೆ. ಫ್ರಿಜ್ ಕೆಟ್ಟಿತ್ತಲ್ಲ, ತಣ್ಣಗಿರ್ಲಿ ಅಂತ ನನ್ನ ಹೆಂಡ್ತಿ ಕಿಟಕೀಲಿ ಇಟ್ಟಿದ್ಲು."

ಕಲಾವಿದ ಕೇಕನ್ನು ಮುಟ್ಟಿದ. ಬೆರಳು ಒಳಗಿಳಿಯಿತು. ನೆಕ್ಕಿದ. ಬೆಣ್ಣೆ!

"ಲೇ, ಇದು ನಿಜವಾದ ಕೇಕು ಕಣೇ! ತಿನ್ನೋದು ಇಟ್ಟ ಕಿಟಕಿ ಔಟ್! ಡಬ್ಬಿ ಅಲ್ಲೇ ಇಡು, ಕಪ್ಪು ನಮ್ಮದು!" ಎಂದು ಕೂಗಿ, ತಟ್ಟೆಯ ಸಮೇತ ಬೀದಿಗೆ ಓಡಿದ. ಅವನ ಓಟಕ್ಕೆ ದಾರಿಯ ನಾಯಿಗಳೇ ಪಕ್ಕಕ್ಕೆ ಸರಿದವು.

ಬೇಕರಿಯಲ್ಲಿ ಗಿರಾಕಿಗಳು ತುಂಬಿದ್ದರು. ಕಲಾವಿದ ಏದುಸಿರು ಬಿಡುತ್ತ ತಟ್ಟೆಯನ್ನು ಗಾಜಿನ ಕಟ್ಟೆಯ ಮೇಲಿಟ್ಟ.

"ಯಜಮಾನ್ರೇ, ಡಾಕ್ಟ್ರ ಕೇಕು ಪ್ಲಾಸ್ಟರ್ ಅಲ್ಲ. ನಿಜವಾದ್ದು. ನಿಮ್ಮ ಬೇಕರೀದೇ! ನೋಡಿ!"

ಯಜಮಾನರು ನೋಡಿದರು. ಮುಖ ಅರಳಿತು.

"ಅಬ್ಬಬ್ಬಾ! ಮಧ್ಯಾಹ್ನದಿಂದ ಕೂತು ಮಾಡಿಬಿಟ್ರಾ? ಒಳಗಿನ ಪದರ ಕೂಡ ಬಿಟ್ಟಿಲ್ವಲ್ಲ! ಬೆಣ್ಣೆ ವಾಸನೆ ಹೇಗೆ ತಂದ್ರಿ?"

"ಅಯ್ಯೋ ನಾನು ಮಾಡಿದ್ದಲ್ಲ! ತಿಂದು ನೋಡಿ!"

"ಒಂದೇ ದಿನ ಎರಡು ಸಲ ಮೋಸಹೋಗೋಕೆ ನಾನೇನು ಮಗೂನಾ?"

ಕಲಾವಿದನ ಸಹನೆ ಮುಗಿಯಿತು. ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ. ಯಜಮಾನರು ಕಟ್ಟೆ ದಾಟಿ ಹಾರಿದಂತೆ ಬಂದು ಅವನ ಬೆನ್ನಿಗೆ ಗುದ್ದಿದರು.

"ಉಗೀರಿ! ಪುಟ್ಟಿ ತಿಂತಿದಾರಲ್ರೀ! ಯಾರಾದ್ರೂ ನೀರು ತನ್ನಿ! ಕಲೆಗೋಸ್ಕರ ಪ್ರಾಣ ಕೊಡ್ತಾರೇನ್ರೀ?"

ಒಬ್ಬರು ನೀರು ಕುಡಿಸಿದರು, ಇನ್ನೊಬ್ಬರು ತಲೆ ತಟ್ಟಿದರು. ಅವನು ಸುಧಾರಿಸಿಕೊಳ್ಳುವಷ್ಟರಲ್ಲಿ ಯಜಮಾನರು ಉಳಿದ ತುಂಡನ್ನು ಎರಡೂ ಕೈಯಲ್ಲಿ ಎತ್ತಿ, ಅಂಗಡಿಯ ಮುಂಗಿಟಕಿಯಲ್ಲಿ ದೀಪದ ಕೆಳಗಿಟ್ಟು, "ನಮ್ಮ ಬೀದಿಯ ಕಲಾವಿದರ ಕೈಚಳಕ. ತಿನ್ನಬೇಡಿ" ಎಂದು ಚೀಟಿ ಅಂಟಿಸಿದ್ದರು. ಗಿರಾಕಿಗಳು ಕತ್ತು ಚಾಚಿ ನೋಡತೊಡಗಿದರು. "ಪುಟ್ಟೀನಂತೆ!" "ನಂಬೋಕೇ ಆಗಲ್ಲ!"

ಆಗಲೇ ಕಿಟಕಿಯ ಚೌಕಟ್ಟಿನ ಸಂದಿಯಿಂದ ಇರುವೆಯೊಂದು ಹೊರಬಂತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತಿದ್ದಂತೆ ಒಂದು ಸಾಲೇ ಕೇಕಿನ ಮೇಲೆ ಹತ್ತಿ ಕ್ರೀಮಿನಲ್ಲಿ ಮೂತಿಯಿಟ್ಟು ನಿಂತಿತು. ಕೊನೆಗೂ ಒಂದು ಸಾಕ್ಷಿ ಸಿಕ್ಕಿತೆಂದು ಕಲಾವಿದನ ಕಣ್ಣು ಹೊಳೆಯಿತು.

ಯಜಮಾನರು ಬಗ್ಗಿ, ಕನ್ನಡಕ ಏರಿಸಿ, ಎರಡೂ ಕೈ ಜೋಡಿಸಿ ಹೇಳಿದರು:

"ಇರುವೇನೂ ಮಾಡಿದ್ದೀರಾ!"

ಅಂಗಡಿಯಲ್ಲಿ ಚಪ್ಪಾಳೆ ಬಿತ್ತು. ಹೊರಗೆ ಬೀದಿಯಲ್ಲಿ ಗುಜರಿಯವನ ಕೈಗಾಡಿ ಬೂಟಿನ ಡಬ್ಬಿಗಳನ್ನೂ ಸ್ಪಂಜಿನ ಬ್ರೆಡ್ಡನ್ನೂ ಹೇರಿಕೊಂಡು ನಿಧಾನವಾಗಿ ಹಾದುಹೋಯಿತು. ಕಲಾವಿದ ಗಾಡಿಯನ್ನು ನೋಡಿದ. ತನ್ನನ್ನೇ ನೋಡುತ್ತಿದ್ದ ಅಷ್ಟೂ ಮುಖಗಳನ್ನು ನೋಡಿದ. ನಿಜ ಹೇಳಲೆಂದು ಬಾಯಿ ತೆರೆದ.

ಆಮೇಲೆ ಅಂಗಿಯ ಕಾಲರ್ ಸರಿಮಾಡಿಕೊಂಡು, ಸಂಕೋಚದಿಂದೆಂಬಂತೆ ಹೇಳಿದ:

"ಕಾಲು ಕೂರಿಸೋದೇ ಸ್ವಲ್ಪ ಕಷ್ಟ ಆಯ್ತು ಯಜಮಾನ್ರೇ."