ಮಗುವನ್ನು ತರಲು ಹೋದ ಮ್ಯಾಕ್ಸಿಮ್

ಕ್ರಿಸ್ಮಸ್ಸಿನ ಹಿಂದಿನ ದಿನ ಬೆಳಿಗ್ಗೆ ಹಾಲು ತರಲು ಹೊರಟ ಮ್ಯಾಕ್ಸಿಮ್ ಮಥಾಯಸ್, ದಾರಿಯಲ್ಲಿ ವಾಳೆಯವರು ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾಗಿ ಕಟ್ಟಿದ ಗೋದಲಿಯ ಮುಂದೆ ನಿಂತದ್ದೇ ತಪ್ಪಾಯಿತು. ಕಾಪು ಚರ್ಚಿಗೆ ಸೇರಿದ ಆ ಕೇರಿಯ ಹದಿನೈದಿಪ್ಪತ್ತು ಮನೆಗಳಿಗೆ ವಾಳೆ ಎಂದು ಹೆಸರು. ಗೋದಲಿ ಸ್ಪರ್ಧೆಯಲ್ಲಿ ಹೇಗಾದರೂ ಮೊದಲ ಬಹುಮಾನ ಹೊಡೆಯಬೇಕೆಂದು ವಾಳೆಯ ಗುರಿಕಾರ ಜಾರ್ಜ್ ಡಿಸೋಜ ಒಂದು ವಾರದಿಂದ ನಿದ್ದೆಗೆಟ್ಟಿದ್ದ. ಹತ್ತಿಯ ಹಿಮ ಬಿದ್ದಿತ್ತು, ಮೋಟಾರಿನ ಜಲಪಾತ ಹರಿಯುತ್ತಿತ್ತು, ಬ್ಯಾಟರಿ ಹಾಕಿದ ಸಾಂತಾ ಕ್ಲಾಸ್ ಮದುವೆಮನೆಯ ಯಜಮಾನನಂತೆ ಎಲ್ಲರಿಗೂ ತಲೆಯಾಡಿಸುತ್ತಿದ್ದ. ಒಂದು ಮೂಲೆಯಲ್ಲಿ, ಜಿಂಕೆಗಳ ಹಿಂದೆ, ಮರಿಯಮ್ಮ ಮತ್ತು ಜೋಸೆಫರು ಬಸ್ಸು ತಪ್ಪಿದವರಂತೆ ಮೊಣಕಾಲೂರಿದ್ದರು. ಅವರ ನಡುವಿನ ಹುಲ್ಲಿನ ತೊಟ್ಟಿಲು ಖಾಲಿ.

ಮಗುವನ್ನು ಇಡುವುದು ಆ ದಿನ ಸಂಜೆಯೇ ಎಂಬ ಕ್ರಮ ಮ್ಯಾಕ್ಸಿಮನಿಗೂ ಗೊತ್ತಿತ್ತು. ಸುಮ್ಮನೆ ಮಾತಿಗೆಂದು, ಮಗು ಯಾರ ಮನೆಯಲ್ಲಿ ಉಂಟು ಎಂದು ಕೇಳಿದ. ಜಾರ್ಜ್ ಏಣಿಯ ಮೇಲಿಂದಲೇ, ಕಳೆದ ವರ್ಷ ಸ್ಪೀಕರಿನ ಅಡಿಗೆ ಬಿದ್ದು ಅದು ಪುಡಿಯಾಯಿತು ಎಂದ. ಹೊಸದು ತರಬೇಕೆಂದಿದ್ದರಂತೆ, ಜಲಪಾತದ ಗಡಿಬಿಡಿಯಲ್ಲಿ ಮರೆತೇಹೋಯಿತಂತೆ.

"ಇರಲಿ ಬಿಡು ಮಾರಾಯ. ಅಷ್ಟು ಚಿಕ್ಕದು ಯಾರಿಗೆ ಕಾಣ್ತದೆ?" ಎಂದು ಜಾರ್ಜ್ ದೀಪದ ಸರ ಬಿಗಿದ.

ಮ್ಯಾಕ್ಸಿಮ್ ಹಾಲಿನ ಪಾತ್ರೆಯನ್ನು ನೆಲಕ್ಕಿಟ್ಟ. ಅವನು ಸಿಟ್ಟಿನ ಮನುಷ್ಯನಲ್ಲ. ಬಹರೈನಿನಲ್ಲಿ ಎಸಿ ರಿಪೇರಿ ಮಾಡಿಕೊಂಡು ಅರ್ಧ ಆಯುಷ್ಯ ಕಳೆದು ಬಂದವನು. ಅಲ್ಲಿನ ಮೊದಲ ಕ್ರಿಸ್ಮಸ್ಸಿಗೆ ಕ್ಯಾಂಪಿನ ಕೋಣೆಯಲ್ಲಿ ಕೇಕೂ ಇರಲಿಲ್ಲ, ನಕ್ಷತ್ರವೂ ಇರಲಿಲ್ಲ. ಹೆಂಡತಿ ಝೀಟಾ ಊರಿಂದ ಕಳಿಸಿದ ಉಪ್ಪಿನಕಾಯಿಯ ಪೊಟ್ಟಣದೊಳಗೆ ಹೆಬ್ಬೆರಳಿನಷ್ಟು ಉದ್ದದ ಬಾಲಯೇಸು ಇದ್ದ. ಅವನನ್ನು ಕಿಟಕಿಯ ಮೇಲೆ ಇಟ್ಟುಕೊಂಡು, ಬೇರೆ ಬೇರೆ ಊರಿನ, ಬೇರೆ ಬೇರೆ ಭಾಷೆಯ ಗಂಡಸರು ಅವನ ಎದುರು ಸ್ವಲ್ಪ ಹೊತ್ತು ಕುಳಿತಿದ್ದರು. ಯಾರೂ ಇಲ್ಲದ ಜಾಗಕ್ಕೆ ದೇವರು ಕೂಸಾಗಿ ಬಂದ ಎಂದು ಪಾದ್ರಿಗಳು ಚಿಕ್ಕಂದಿನಲ್ಲಿ ಹೇಳಿದ್ದು ಅವನಿಗೆ ಅರ್ಥವಾದದ್ದು ಅವತ್ತು. ಊರಿಗೆ ಮರಳುವಾಗ ಆ ಮಗುವನ್ನು ಕೋಣೆಗೆ ಹೊಸದಾಗಿ ಬಂದ ಹುಡುಗನಿಗೆ ಬಿಟ್ಟು ಬಂದಿದ್ದ.

"ಸಾಂತಾ ಇಲ್ಲದಿದ್ದರೆ ನಡೀತದೆ ಜಾರ್ಜ್. ಮಗು ಇಲ್ಲದಿದ್ದರೆ ಇದು ಗೋದಲಿ ಅಲ್ಲ, ಅಂಗಡಿ," ಎಂದ ಮ್ಯಾಕ್ಸಿಮ್. "ತೀರ್ಪುಗಾರರು ಬರುವುದರೊಳಗೆ ನಾನು ಮಗುವನ್ನು ತರ್ತೇನೆ."

ಮನೆಯಲ್ಲಿ ಝೀಟಾ ಎಣ್ಣೆ ಕಾಯಲಿಟ್ಟು ಹಬ್ಬದ ಸಿಹಿ ನೆವ್ರಿ ಕರಿಯುತ್ತಿದ್ದಳು. ಬಜಪೆಯಿಂದ ಅವಳ ತಂಗಿಯ ಸಂಸಾರ ಬಂದಿಳಿದಿತ್ತು. ಇಂಥ ದಿನ ಮನೆ ಬಿಟ್ಟು ಹೋಗುವ ಗಂಡಸು ಲೋಕದಲ್ಲೇ ಇಲ್ಲ ಎಂದು ಅವಳು ಕೊಂಕಣಿಯಲ್ಲಿ ವಿವರವಾಗಿ ಹೇಳುತ್ತಿರುವಾಗಲೇ ಮ್ಯಾಕ್ಸಿಮ್ ಚಪ್ಪಲಿ ಮೆಟ್ಟಿಕೊಂಡಿದ್ದ.

ಕಾಪುವಿನ ಪೇಟೆಯಲ್ಲಿ ಸಾಂತಾಗಳ ಸಂತೆಯೇ ನೆರೆದಿತ್ತು. ಕುಣಿಯುವವನು, ಗಂಟೆ ಬಾರಿಸುವವನು, ಹಗ್ಗ ಹಿಡಿದು ಗೋಡೆ ಹತ್ತುವವನು. ಯೇಸು ಮಾತ್ರ ಒಬ್ಬನೂ ಇರಲಿಲ್ಲ. ಉಡುಪಿಯ ಅಂಗಡಿಯವನು ಗೋದಲಿಯ ಪೂರ್ತಿ ಸೆಟ್ಟು ಕೊಡುತ್ತೇನೆ, ಮಗುವನ್ನು ಬಿಡಿಯಾಗಿ ಕೊಟ್ಟರೆ ಉಳಿದವರನ್ನು ಯಾರು ಕೊಳ್ಳುತ್ತಾರೆ ಎಂದು ಕೇಳಿದ. ಆ ಮಾತಿನಲ್ಲಿ ನ್ಯಾಯವಿತ್ತು. ಸೆಟ್ಟನ್ನೇ ಕೊಡಿ ಎಂದರೆ, ಸೆಟ್ಟು ಮುಗಿದು ಮೂರು ದಿನವಾಗಿತ್ತು. ಪಕ್ಕದ ವಿಗ್ರಹದ ಅಂಗಡಿಯ ವೃದ್ಧರು ಇವನ ಮುಖ ನೋಡಿ ಕನಿಕರದಿಂದ ಅಂಬೆಗಾಲಿಕ್ಕಿದ ಒಬ್ಬ ಬಾಲಕೃಷ್ಣನನ್ನು ಎತ್ತಿ ತೋರಿಸಿ, ಮಗು ಎಂದರೆ ಮಗುವೇ ಅಲ್ಲವೇ, ಬೆಣ್ಣೆಯ ಮುದ್ದೆಯನ್ನು ಬೇಕಾದರೆ ಉಜ್ಜಿ ತೆಗೆಸಿಕೊಡೋಣ ಎಂದರು.

ಮ್ಯಾಕ್ಸಿಮ್ ಕೈಮುಗಿದ. "ಚಂದ ಉಂಟು ಮಾರಾಯ್ರೆ. ಆದರೆ ಇವನಿಗೆ ಇವನ ಅಮ್ಮ, ಅವನಿಗೆ ಅವನ ಅಮ್ಮ. ಬದಲಾಯಿಸಿದರೆ ಇಬ್ಬರಿಗೂ ಬೇಜಾರು."

ಮಣಿಪಾಲದ ದೊಡ್ಡ ಮಳಿಗೆಯಲ್ಲಿ ಕ್ರಿಸ್ಮಸ್ಸಿನ ಹಾಡು ಕಿವಿ ಒಡೆಯುವಂತೆ ಮೊಳಗುತ್ತಿತ್ತು. ಕೆಂಪು ಟೊಪ್ಪಿ ಹಾಕಿದ ಹುಡುಗಿಯ ಹತ್ತಿರ ಹೋಗಿ, ಬೇಬಿ ಜೀಸಸ್ ಬೇಕಿತ್ತು ಎಂದ. ಗದ್ದಲದಲ್ಲಿ ಅವಳಿಗೆ ಮೊದಲ ಅರ್ಧವಷ್ಟೇ ಕೇಳಿಸಿತು. ಮಗುವಿಗೆ ಎಷ್ಟು ತಿಂಗಳು ಅಂಕಲ್ ಎಂದು ಕೇಳಿದಳು. ಇವತ್ತು ಸಂಜೆ ಹುಟ್ಟುವುದು ಎಂದ ಮ್ಯಾಕ್ಸಿಮ್. ಅವಳು ಕಂಗ್ರಾಟ್ಸ್ ಹೇಳಿ, ಎಳೆಗೂಸುಗಳ ಲಂಗೋಟಿಯ ಸಾಲಿಗೆ ಕೈಹಿಡಿದು ಕರೆದುಕೊಂಡು ಹೋದಳು.

ಇಷ್ಟಕ್ಕೆ ಬೇರೆ ಯಾರಾದರೂ ಮನೆಗೆ ತಿರುಗುತ್ತಿದ್ದರು. ಮ್ಯಾಕ್ಸಿಮ್ ಕಾರ್ಕಳದ ಬಸ್ಸು ಹತ್ತಿದ. ಕಾರ್ಕಳದಲ್ಲಿ ಕಲ್ಲು ಕೆತ್ತುವವರಿದ್ದಾರೆ ಎಂಬ ಆಸೆ. ಇದ್ದರು, ಕೆತ್ತಿಯೂ ಕೊಡುತ್ತಿದ್ದರು, ಆದರೆ ಈಸ್ಟರ್ ಹಬ್ಬಕ್ಕೆ. ಶಿಲ್ಪಿಯೇ ಒಂದು ದಾರಿ ಹೇಳಿದ. ಬಜಗೋಳಿಯ ರಸ್ತೆಯಲ್ಲಿ ಒಂದು ಹಳೆಯ ಕಾನ್ವೆಂಟ್ ಉಂಟು, ಅಲ್ಲಿಯ ಮಗುವಿನ ಬೆರಳಿಗೆ ನಾನೇ ಒಮ್ಮೆ ತೇಪೆ ಹಾಕಿದ್ದೆ ಎಂದ.

ಮ್ಯಾಕ್ಸಿಮ್ ಹೋಗಿ ಬಾಗಿಲು ತಟ್ಟಿದಾಗ ಮದರ್ ಲೊರ್ನಾ ಎಂಬ ವಯಸ್ಸಾದ ಸಿಸ್ಟರ್ ಅವನ ಕತೆಯನ್ನು ಕೊನೆಯವರೆಗೆ ಕೇಳಿದರು. ನಂತರ ಕಪಾಟು ತೆರೆದರು. ಒಳಗೆ ಮಲಗಿದ್ದ ಬಾಲಯೇಸು ನಿಜವಾದ ಮೂರು ತಿಂಗಳ ಕೂಸಿನಷ್ಟು ದೊಡ್ಡವನು. ವಾಳೆಯ ಗೋದಲಿಯ ಮರಿಯಮ್ಮ ಒಂದು ಮೊಳವೂ ಇಲ್ಲ. ಅಮ್ಮನಿಗಿಂತ ಮಗನೇ ದೊಡ್ಡವನಾಗುತ್ತಾನೆ ಎಂದು ಮ್ಯಾಕ್ಸಿಮ್ ಒಂದು ಗಳಿಗೆ ಹಿಂಜರಿದ. ಆಮೇಲೆ, ನಿಜಕ್ಕೂ ಹಾಗೆಯೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡ. ಮದರ್ ಮಗುವಿಗೆ ಉಲ್ಲನ್ ಟೊಪ್ಪಿ ತೊಡಿಸಿ, ಶಾಲು ಸುತ್ತಿ, ಜನವರಿಯ ಮೂರು ರಾಯರ ಹಬ್ಬ ಕಳೆದ ಮೇಲೆ ಮರಳಿಸಬೇಕೆಂದು ಹೇಳಿ ಕೈಗೆ ಕೊಟ್ಟರು.

"ನೆಲದ ಮೇಲೆ, ಸೀಟಿನ ಅಡಿಯಲ್ಲಿ ಇಡಬೇಡಿ ಆಯ್ತಾ. ಹಳೆಯ ಮಣ್ಣು, ಒಡೀತದೆ. ಮಡಿಲಲ್ಲೇ ಹಿಡಿದುಕೊಳ್ಳಿ."

ಪಡುಬಿದ್ರಿಗೆ ಹೋಗುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೆ ಮ್ಯಾಕ್ಸಿಮ್ ಹತ್ತಿದ್ದೇ ತಡ, ಜನ ಬೆಣ್ಣೆಯಂತೆ ಎರಡು ಪಾಲಾದರು. ದಪ್ಪ ಕನ್ನಡಕದ ಒಬ್ಬ ಅಮ್ಮ, ಪಾಪ, ಎಳೆಗೂಸು ಎಂದು ಪಕ್ಕದವನನ್ನು ಎಬ್ಬಿಸಿ ಸೀಟು ಕೊಡಿಸಿದರು. ಇದು ವಿಗ್ರಹ ಎಂದು ಅಲ್ಲೇ ಹೇಳಬೇಕಿತ್ತು. ಬೆಳಿಗ್ಗೆಯಿಂದ ನಿಂತೇ ಇದ್ದ ಕಾಲುಗಳು ಬಾಯಿಗಿಂತ ಮೊದಲು ನಿರ್ಧಾರ ಮಾಡಿಬಿಟ್ಟವು. ಕುಳಿತ ಮೇಲೆ ಹೇಳಲು ನಾಚಿಕೆಯಾಯಿತು.

"ತಾಯಿ ಎಲ್ಲಿ ಅಣ್ಣ?" ಎಂದು ಆ ಅಮ್ಮ ವಿಚಾರಿಸಿದರು.

ಸುಳ್ಳು ಹೇಳಬಾರದೆಂದು ಮ್ಯಾಕ್ಸಿಮ್ ಯೋಚಿಸಿ ಉತ್ತರಿಸಿದ. "ಕಾಪುವಿನಲ್ಲಿ. ಬೆಳಿಗ್ಗೆಯಿಂದ ಮಗುವಿಗೆ ಕಾಯ್ತಾ ಇದ್ದಾರೆ."

"ತಂದೆ ನೀವಾ?"

"ಛೆ, ಅಲ್ಲ."

"ಮತ್ತೆ ಯಾರು?"

ಮ್ಯಾಕ್ಸಿಮ್ ಗಂಟಲು ಸರಿಮಾಡಿಕೊಂಡ. "ಅದು ಸ್ವಲ್ಪ ದೊಡ್ಡ ವಿಷಯ ಅಮ್ಮ. ಸಾಕಿದವರು ಒಬ್ಬ ಬಡಗಿ."

ಅಮ್ಮನ ಮುಖ ಬಿಗಿಯಿತು. ಅಷ್ಟರಲ್ಲಿ ಬಸ್ಸು ಒಂದು ದನಕ್ಕಾಗಿ ಬ್ರೇಕು ಹಾಕಿತು. ಮಗುವಿನ ತಲೆ ಮುಂದಿನ ಕಂಬಿಗೆ ಬಡಿದು ಇಡೀ ಬಸ್ಸಿಗೆ ಕೇಳುವಂತೆ ಸದ್ದಾಯಿತು. ಮಗು ಅಳಲಿಲ್ಲ. ಹತ್ತಾರು ಕಣ್ಣುಗಳು ಶಾಲಿನ ಮೇಲೆ ನೆಟ್ಟವು. ಮಗು ಆಗಲೂ ಅಳಲಿಲ್ಲ. ಹಿಂದಿನಿಂದ ಯಾರೋ, ಕೂಸಿಗೆ ಮದ್ದು ಕುಡಿಸಿ ಕದ್ದುಕೊಂಡು ಹೋಗುವವರ ವಿಡಿಯೋ ಮೊನ್ನೆ ವಾಟ್ಸಾಪಿನಲ್ಲಿ ಬಂದಿತ್ತು ಎಂದರು.

"ಇದು ಮಗು ಅಲ್ಲ, ಯೇಸುಸ್ವಾಮಿ," ಎಂದ ಮ್ಯಾಕ್ಸಿಮ್. ಅವನ ಪಾಲಿಗೆ ಅಪ್ಪಟ ಸತ್ಯವಾದ ಆ ಮಾತು ಉಳಿದವರ ಅನುಮಾನವನ್ನು ಗಟ್ಟಿ ಮಾಡಿತು. ಕಂಡಕ್ಟರ್ ದಾರಿಯಲ್ಲಿ ಸಿಕ್ಕಿದ ಪೊಲೀಸ್ ಠಾಣೆಯ ಮುಂದೆ ವಿಸಿಲ್ ಊದಿದ.

ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಶಾಲು ಬಿಡಿಸಿದರು. ನೋಡಿದರು. ಲಾಠಿಯನ್ನು ಮೆಲ್ಲಗೆ ಮೇಜಿನ ಕೆಳಗೆ ಸರಿಸಿ ತಮ್ಮ ಟೊಪ್ಪಿ ತೆಗೆದು ಕೈಮುಗಿದರು. ಆಮೇಲೆ, ತಲೆಯಲ್ಲಿ ಬಿರುಕಿಲ್ಲವೆಂದು ಮುಟ್ಟಿ ನೋಡಿ, ತಾವೇ ಶಾಲು ಸುತ್ತಿದರು, ಮೊದಲಿಗಿಂತ ಚೆನ್ನಾಗಿಯೇ. ಕನ್ನಡಕದ ಅಮ್ಮ ಕೆನ್ನೆ ಬಡಿದುಕೊಂಡರು. ಎಲ್ಲರೂ ಇವನ ಕ್ಷಮೆ ಕೇಳಿ ಓಡಿ ಬಸ್ಸು ಹತ್ತಿದರು. ಮಗುವಿನೊಂದಿಗೆ ಮ್ಯಾಕ್ಸಿಮ್ ಓಡುವಂತಿರಲಿಲ್ಲ. ಟೈಮ್ ಆಯ್ತು ಅಂಕಲ್ ಎಂದು ಕೂಗಿ ಕಂಡಕ್ಟರ್ ಬಸ್ಸು ಬಿಟ್ಟೇಬಿಟ್ಟ.

ಸೂರ್ಯ ಇಳಿಯುತ್ತಿದ್ದ. ಬಂದ ಬಸ್ಸುಗಳು ಹಬ್ಬದ ಜನರಿಂದ ತುಂಬಿ ನಿಲ್ಲದೇ ಹೋದವು. ಮ್ಯಾಕ್ಸಿಮ್ ಕಾಪುವಿನ ಕಡೆಗೆ ನಡೆಯಲು ಸುರುಮಾಡಿದ. ಸಾಕಷ್ಟು ನಡೆದ ಮೇಲೆ ಪಕ್ಕದಲ್ಲಿ ಒಂದು ಮೀನಿನ ಟೆಂಪೊ ನಿಂತಿತು. ಕಾರ್ಕಳಕ್ಕೆ ಮೀನು ಹಾಕಿ ಮರಳುತ್ತಿದ್ದ ಪಕ್ಕದ ಮನೆಯ ಬೂಬ.

"ಎಂತ ಪೊರ್ಬುಗಳೇ, ಈ ವಯಸ್ಸಿನಲ್ಲಿ ಕೂಸು?" ಎಂದು ಬೂಬ ಕೇಳಿದ. ಕ್ರೈಸ್ತರನ್ನು ಊರಿನವರು ಕರೆಯುವ ಮರ್ಯಾದೆಯ ಮಾತು ಅದು. ವಿಷಯ ತಿಳಿದ ಮೇಲೆ ನಗಲಿಲ್ಲ. ಮುಂದಿನ ಸೀಟಿನಲ್ಲಿ ಹರಡಿದ್ದ ಬಲೆ, ಹಗ್ಗಗಳನ್ನು ಹಿಂದಕ್ಕೆ ಎಸೆದು, ಮಗು ಇದ್ದಾನೆಂದು ಹೊಂಡಗಳಲ್ಲಿ ನಿಧಾನವಾಗಿ ಓಡಿಸಿದ. ಆ ನಿಧಾನವೇ ಮುಳುವಾಯಿತು. ಕಾಪು ತಲುಪುವಾಗ ಕತ್ತಲಾಗಿತ್ತು. ಮ್ಯಾಕ್ಸಿಮ್ ಬಂಗುಡೆಯ ಬುಟ್ಟಿಯಂತೆ ನಾರುತ್ತಿದ್ದ. ಆದರೂ ಎದೆ ಸೆಟೆದಿತ್ತು.

ಗೋದಲಿಯ ಮುಂದೆ ಜಾತ್ರೆಯಂಥ ಗುಂಪು. ತೀರ್ಪುಗಾರರು ಬಂದು ಹೋಗಿಯಾಗಿತ್ತು. ಜಾರ್ಜ್ ದೊಡ್ಡ ಶೀಲ್ಡನ್ನು ಎದೆಗವಚಿಕೊಂಡು ನಿಂತಿದ್ದ. ಮೊದಲ ಬಹುಮಾನ.

"ಮಗು ಬಂತು ಜಾರ್ಜ್. ದಾರಿ ಬಿಡಿ," ಎಂದ ಮ್ಯಾಕ್ಸಿಮ್.

ಜಾರ್ಜ್ ದಾರಿ ಬಿಡಲಿಲ್ಲ. ಇವನ ತೋಳು ಹಿಡಿದು ಜಲಪಾತದ ಹಿಂದಕ್ಕೆ ಎಳೆದುಕೊಂಡು ಹೋಗಿ ನಡೆದದ್ದನ್ನು ಹೇಳಿದ. ತೀರ್ಪುಗಾರರಲ್ಲಿ ಒಬ್ಬರು, ಮಣಿಪಾಲದ ನಿವೃತ್ತ ಚಿತ್ರಕಲಾ ಮೇಷ್ಟ್ರು, ಖಾಲಿ ತೊಟ್ಟಿಲಿನ ಮುಂದೆ ಬಹಳ ಹೊತ್ತು ನಿಂತರಂತೆ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರಂತೆ. ದೀಪ ಉಂಟು, ಹಿಮ ಉಂಟು, ಸಾಂತಾ ಉಂಟು, ಆದರೆ ಯಾರ ಹಬ್ಬವೋ ಅವನನ್ನೇ ನಾವು ಮರೆತಿದ್ದೇವೆ, ಇಷ್ಟು ಧೈರ್ಯವಾಗಿ ಇದನ್ನು ಹೇಳಿದ ಗೋದಲಿಯನ್ನು ನಾನು ಈವರೆಗೆ ನೋಡಿಲ್ಲ ಎಂದರಂತೆ. ಈ ಕಲ್ಪನೆ ಯಾರದ್ದು ಎಂದು ಕೇಳಿದಾಗ ಜಾರ್ಜ್ ತಲೆ ತಗ್ಗಿಸಿ, ನನ್ನದೇ ಸರ್ ಎಂದನಂತೆ. ಅಷ್ಟರಲ್ಲಿ ಒಂದು ಬೋರ್ಡೂ ಬರೆಸಿ ನೆಟ್ಟಾಗಿತ್ತು: 'ನಾವು ಮರೆತ ಮಗು'.

"ಈಗ ಇಡಬೇಡ ಮಾರಾಯ. ನಾಳೆ ಪೇಪರಿನವರು ಬರ್ತಾರೆ," ಎಂದು ಜಾರ್ಜ್ ಬೇಡಿಕೊಂಡ. "ಮಗು ಬಂದರೆ ಅರ್ಥವೇ ಹೋಗ್ತದೆ."

ಮ್ಯಾಕ್ಸಿಮ್ ಶಾಲನ್ನು ಮಗುವಿನ ಮೇಲೆ ಇನ್ನೊಮ್ಮೆ ಎಳೆದುಕೊಂಡ. ಸುತ್ತ ನಿಂತವರೂ ಮೆಲ್ಲಗೆ, ಶೀಲ್ಡು ವಾಪಸು ಹೋದರೆ ವಾಳೆಗೆ ನಾಚಿಕೆ ಎಂದರು.

ಮಗುವನ್ನು ಮನೆಗೆ ಒಯ್ದ. ಮೇಜು, ಮಂಚ, ಕಪಾಟು ಎಲ್ಲದರ ಮೇಲೂ ಹಬ್ಬದ ತಿಂಡಿ ಕುಸ್ವಾರಿನ ತಟ್ಟೆಗಳು, ಬಜಪೆಯವರ ಚೀಲಗಳು, ಬಜಪೆಯವರೇ. ಇಲ್ಲಿ ಸೂಜಿ ಇಡಲು ಜಾಗ ಇಲ್ಲ ಎಂದಳು ಝೀಟಾ. ಚರ್ಚಿಗೆ ಹೋದರೆ, ಪೀಠದ ಮುಂದೆ ಮಗು ಆಗಲೇ ಇದ್ದಾನೆ, ಇಬ್ಬರಾದರೆ ಜನ ಎಂತ ಹೇಳ್ತಾರೆ ಎಂದು ಅಲ್ಲಿನ ಕೆಲಸದವರು ಕೇಳಿದರು. ನೆಲದ ಮೇಲೆ ಇಡುವುದಿಲ್ಲವೆಂದು ಮದರಿಗೆ ಮಾತು ಕೊಟ್ಟಾಗಿತ್ತು. ಮ್ಯಾಕ್ಸಿಮ್ ರಸ್ತೆಯ ಬದಿಯಲ್ಲಿ ಕೂಸನ್ನು ಎತ್ತಿಕೊಂಡು ನಿಂತ.

ಬೂಬನ ಹೆಂಡತಿ ರತ್ನಾವತಿ ಅಂಗಳದಿಂದ ಕರೆದಳು.

"ನಮ್ಮ ಹಟ್ಟಿಯಲ್ಲಿ ಇಡಿ ಪೊರ್ಬುಗಳೇ. ದನದ ಪಕ್ಕ ಸ್ವಲ್ಪ ಜಾಗ ಉಂಟು. ಹೊಸ ಹುಲ್ಲು ಹಾಕಿದ್ದೇನೆ."

ಹುಲ್ಲಿನ ಕಲ್ಲುತೊಟ್ಟಿಯಲ್ಲಿ ಮಗು ಅಳತೆಗೆ ಮಾಡಿಸಿದಂತೆ ಹಿಡಿಸಿದ. ಮ್ಯಾಕ್ಸಿಮ್ ಬಕೆಟನ್ನು ಕವುಚಿ ಹಾಕಿ ಕುಳಿತ. ಹಬ್ಬದ ಸೀರೆ ಉಟ್ಟ ಝೀಟಾ ಪೂಜೆಗೆ ಹೊತ್ತಾಯಿತೆಂದು ಬೈಯಲು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಮೊದಲು ಚಪ್ಪಲಿ ಬಿಟ್ಟಳು, ಆಮೇಲೆ ಸೆರಗನ್ನು ತಲೆಗೆ ಹೊದ್ದಳು. ಬೂಬ, ರತ್ನಾವತಿ ಗೋಡೆಗೆ ಒರಗಿ ನಿಂತರು.

ಅಷ್ಟರಲ್ಲಿ ಆಚೆಯಿಂದ ಮೈಕಿನಲ್ಲಿ ಜಾರ್ಜನ ಧನ್ಯವಾದ ಭಾಷಣ ಕೇಳಿಸಿತು. ದೀಪದವರಿಗೆ, ಮೋಟಾರಿನವರಿಗೆ ಎಲ್ಲರಿಗೂ ಹೇಳಿ, ಕೊನೆಗೆ ದನಿ ಏರಿಸಿದ. "ಬೆಳಿಗ್ಗೆಯಿಂದ ಸಂಜೆಯವರೆಗೆ ಮಗುವನ್ನು ಗೋದಲಿಯಿಂದ ದೂರ ಇಟ್ಟು ನಮ್ಮ ಗೆಲುವಿಗೆ ಸಹಕರಿಸಿದ ಮ್ಯಾಕ್ಸಿಮ್ ಮಥಾಯಸ್ ಅವರಿಗೆ ವಿಶೇಷ ವಂದನೆಗಳು."

ಚಪ್ಪಾಳೆ ಬಿತ್ತು. ನಿಮ್ಮ ಹೆಸರು ಹೇಳಿದರು ಪೊರ್ಬುಗಳೇ ಎಂದ ಬೂಬ, ನಿಜವಾದ ಸಂತೋಷದಿಂದ. ಮ್ಯಾಕ್ಸಿಮನಿಗೆ ತಿರುಗಿ ನೋಡಲು ಪುರುಸೊತ್ತಿರಲಿಲ್ಲ. ದನ ಮದರರ ಶಾಲಿನ ತುದಿಯನ್ನು ಬಾಯಿಗೆ ಹಾಕಿಕೊಂಡಿತ್ತು. ಅವನು ಇನ್ನೊಂದು ತುದಿಯನ್ನು ಎರಡೂ ಕೈಯಿಂದ ಹಿಡಿದು ಎಳೆಯುತ್ತಿದ್ದ.